ಕುತ್ತಿಗೆಯ ಜನ್ಮಜಾತ ಸಿಸ್ಟ್‌ಗಳ ಸೂಜಿ ಕೋಶಪರೀಕ್ಷೆ

ಭ್ರೂಣಾವಸ್ಥೆಯಲ್ಲಿ ಕರಗಿಹೋಗಬೇಕಾದ ನಾಳ, ಸೀಳು ಅಥವಾ ಅಂಗಾಂಶದ ತುಣುಕು ಕುತ್ತಿಗೆಯಲ್ಲಿ ಉಳಿದುಕೊಂಡು ದ್ರವ ತುಂಬಿದ ಚೀಲವಾಗಿ ಬೆಳೆದರೆ ಅದು ಕುತ್ತಿಗೆಯ ಜನ್ಮಜಾತ ಸಿಸ್ಟ್. ತೆಳುವಾದ ಸೂಜಿಯಿಂದ ಅದರೊಳಗಿನ ದ್ರವ ಮತ್ತು ಜೀವಕೋಶಗಳನ್ನು ಹೀರಿ ತೆಗೆದು, ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಸೂಜಿ ಕೋಶಪರೀಕ್ಷೆ. ಆಸ್ಪತ್ರೆಗಳಲ್ಲಿ ಇದಕ್ಕೆ ಎಫ್‌ಎನ್‌ಎಸಿ ಎಂಬ ಹೆಸರಿದೆ. ರೋಗಿಗಳು ಸೂಜಿ ಟೆಸ್ಟ್ ಎನ್ನುತ್ತಾರೆ. ಈ ಲೇಖನದಲ್ಲಿ ಕೋಶ ಎಂದರೆ ಜೀವಕೋಶ ಮಾತ್ರ. ದ್ರವದ ಚೀಲಕ್ಕೆ ಎಲ್ಲೆಡೆ ಸಿಸ್ಟ್ ಎಂಬ ಪದವನ್ನೇ ಬಳಸಲಾಗಿದೆ.

ಸಿಸ್ಟ್ ಯಾವ ಜಾತಿಯದು ಎಂಬುದನ್ನು ಈ ಪರೀಕ್ಷೆಯೊಂದೇ ಖಚಿತವಾಗಿ ಹೇಳುವುದು ಅಪರೂಪ. ಗಂಟು ಇರುವ ಜಾಗ, ರೋಗಿಯ ವಯಸ್ಸು ಮತ್ತು ಸ್ಕ್ಯಾನಿಂಗ್ ಅದನ್ನು ಮೊದಲೇ ಬಹುಮಟ್ಟಿಗೆ ಸೂಚಿಸಿರುತ್ತವೆ. ಸಿಸ್ಟಿನಂತೆ ಕಾಣುವ ಕ್ಷಯದ ಬಾವು, ಕ್ಯಾನ್ಸರ್ ಹರಡಿ ಒಳಗೆ ನೀರಾದ ದುಗ್ಧಗ್ರಂಥಿ ಇವುಗಳನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ಪತ್ತೆಹಚ್ಚುವುದರಲ್ಲಿ ಪರೀಕ್ಷೆಯ ನಿಜವಾದ ಬೆಲೆ ಇದೆ.

ಭ್ರೂಣದಲ್ಲಿ ಮೂಲ

ಗರ್ಭದ ನಾಲ್ಕನೆಯ ವಾರದಲ್ಲಿ ಭ್ರೂಣದ ಕುತ್ತಿಗೆಯ ಎರಡೂ ಪಕ್ಕಗಳಲ್ಲಿ ಕಮಾನಿನಂಥ ಉಬ್ಬುಗಳು, ಅವುಗಳ ನಡುವೆ ಸೀಳುಗಳು ಮೂಡುತ್ತವೆ. ಮೀನಿನ ಕಿವಿರಿನ ರಚನೆಯನ್ನು ಹೋಲುವ ಈ ಸೀಳುಗಳನ್ನು ಸಸ್ತನಿಗಳ ಭ್ರೂಣದಲ್ಲಿ ಮೊದಲು ವಿವರಿಸಿದವನು ಜರ್ಮನಿಯ ಮಾರ್ಟಿನ್ ರಾಟ್ಕೆ, 1825ರಲ್ಲಿ. ಕುತ್ತಿಗೆಯ ಪಕ್ಕದಲ್ಲಿ ಕಾಣುವ ರಂಧ್ರಗಳು ಈ ಸೀಳುಗಳ ಅವಶೇಷಗಳೆಂದು 1832ರಲ್ಲಿ ಆಶರ್‌ಸನ್ ಪ್ರತಿಪಾದಿಸಿದ. ಎರಡನೆಯ ಕಮಾನು ಬೇಗಬೇಗನೆ ಕೆಳಕ್ಕೆ ಬೆಳೆದು ಉಳಿದ ಸೀಳುಗಳನ್ನು ಮುಚ್ಚುತ್ತದೆ. ಒಳಗೆ ಸಿಕ್ಕಿಕೊಂಡ ಪೊಳ್ಳು ಕೆಲವೇ ವಾರಗಳಲ್ಲಿ ಮಾಯವಾಗಬೇಕು. ಮಾಯವಾಗದೆ ಉಳಿದದ್ದು ಮುಂದೆ ಕಿವಿರುಸೀಳಿನ ಸಿಸ್ಟ್ ಆಗುತ್ತದೆ. ಈ ವಿವರಣೆಯನ್ನು ಎಲ್ಲರೂ ಒಪ್ಪುವುದಿಲ್ಲ. ದುಗ್ಧಗ್ರಂಥಿಯೊಳಗೆ ಸೇರಿಕೊಂಡ ಹೊದಿಕೆಕೋಶಗಳೇ ಸಿಸ್ಟಿಗೆ ಮೂಲವೆಂದು ಹೇಳುವ ಪಕ್ಷವೂ ಇದೆ. ಈ ಸಿಸ್ಟಿನ ಗೋಡೆಯಲ್ಲಿ ಹೇರಳವಾಗಿ ಕಾಣುವ ದುಗ್ಧಾಂಗಾಂಶ ಅದಕ್ಕೆ ಆಧಾರ.

ಥೈರಾಯ್ಡ್ ಗ್ರಂಥಿಯ ಕಥೆ ಬೇರೆ. ಅದು ಮೊದಲು ಮೊಳೆಯುವುದು ನಾಲಿಗೆಯ ಬುಡದಲ್ಲಿ. ಅಲ್ಲಿಂದ ಒಂದು ಸಣ್ಣ ನಾಳವನ್ನು ಹಿಂದೆ ಬಿಡುತ್ತ, ಕುತ್ತಿಗೆಯ ಮೇಲ್ಭಾಗದ ಹಯಾಯ್ಡ್ ಮೂಳೆಗೆ ಅಂಟಿಕೊಂಡೇ ಕೆಳಗಿಳಿದು, ಏಳನೆಯ ವಾರದ ಹೊತ್ತಿಗೆ ಶ್ವಾಸನಾಳದ ಮುಂದೆ ನೆಲೆಗೊಳ್ಳುತ್ತದೆ. ಹತ್ತನೆಯ ವಾರದೊಳಗೆ ಆ ನಾಳ ಮುಚ್ಚಿಹೋಗಬೇಕು. ಸುಮಾರು 7 ಶೇಕಡಾ ಜನರಲ್ಲಿ ಅದರ ಚೂರು ಉಳಿದಿರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಅದರಿಂದ ಯಾವ ತೊಂದರೆಯೂ ಆಗುವುದಿಲ್ಲ.

ವಿಧಗಳು

ಹೀಗೆ ಉಳಿದ ಥೈರಾಯ್ಡ್ ನಾಳದಿಂದಾಗುವ ಥೈರೋಗ್ಲಾಸಲ್ ಸಿಸ್ಟ್ ಕುತ್ತಿಗೆಯ ಜನ್ಮಜಾತ ಸಿಸ್ಟ್‌ಗಳಲ್ಲಿ ಅತಿ ಸಾಮಾನ್ಯ. ಕುತ್ತಿಗೆಯ ಜನ್ಮಜಾತ ಗಂಟುಗಳಲ್ಲಿ ಸುಮಾರು 70 ಶೇಕಡಾ ಇದೇ. ಕುತ್ತಿಗೆಯ ನಡುಗೆರೆಯಲ್ಲಿ, ಬಹುಪಾಲು ಹಯಾಯ್ಡ್ ಮೂಳೆಯ ಮಟ್ಟದಲ್ಲಿ ಅಥವಾ ಅದರ ಕೆಳಗೆ ಇರುತ್ತದೆ. ನುಂಗಿದಾಗ ಮತ್ತು ನಾಲಿಗೆ ಹೊರಚಾಚಿದಾಗ ಮೇಲಕ್ಕೆ ಸರಿಯುವುದು ಇದರ ಗುರುತು. ಸಾಮಾನ್ಯವಾಗಿ ಮಕ್ಕಳಲ್ಲಿ, ಕೆಲವೊಮ್ಮೆ ನೆಗಡಿ ಗಂಟಲುನೋವಿನ ನಂತರ ಬಾತು ಕೆಂಪಾದಾಗ ಮೊದಲ ಬಾರಿ ಗಮನಕ್ಕೆ ಬರುತ್ತದೆ.

ಕಿವಿರುಸೀಳಿನ ಸಿಸ್ಟ್‌ಗಳಲ್ಲಿ 90 ಶೇಕಡಾಕ್ಕೂ ಹೆಚ್ಚು ಎರಡನೆಯ ಸೀಳಿನವು. ದವಡೆಯ ಕೋನದ ಕೆಳಗೆ, ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುವ ದಪ್ಪ ಸ್ನಾಯುವಿನ ಮುಂದಂಚಿನಲ್ಲಿ ಮೃದುವಾದ ಗಂಟಾಗಿ ಕಾಣುತ್ತವೆ. ಹುಟ್ಟಿನಿಂದ ಬಂದದ್ದಾದರೂ ಹದಿನೈದರಿಂದ ಮೂವತ್ತರ ವಯಸ್ಸಿನಲ್ಲಿ ಹೊರಬೀಳುವುದು ಹೆಚ್ಚು. ಮೊದಲ ಸೀಳಿನವು ಕಿವಿಯ ಬಳಿ, ಮೂರು ಮತ್ತು ನಾಲ್ಕನೆಯ ಕಮಾನಿಗೆ ಸೇರಿದವು ಕುತ್ತಿಗೆಯ ಕೆಳಭಾಗದಲ್ಲಿ, ಬಹುಪಾಲು ಎಡಗಡೆ. ಎಡಗಡೆಯ ಥೈರಾಯ್ಡ್ ಮಗುವಿನಲ್ಲಿ ಮತ್ತೆ ಮತ್ತೆ ಕೀವಾಗುತ್ತಿದ್ದರೆ ಈ ಕೊನೆಯ ಬಗೆಯನ್ನು ಅನುಮಾನಿಸಬೇಕು.

ದುಗ್ಧನಾಳಗಳ ಸಿಸ್ಟಿಗೆ ಹಳೆಯ ಹೆಸರು ಸಿಸ್ಟಿಕ್ ಹೈಗ್ರೋಮಾ. ಕುತ್ತಿಗೆಯ ಹಿಂಬದಿಯ ತ್ರಿಕೋನದಲ್ಲಿ ಮೆತ್ತಗೆ ಹರಡಿಕೊಂಡಿರುತ್ತದೆ; ಕತ್ತಲೆಯಲ್ಲಿ ಟಾರ್ಚ್ ಹಿಡಿದರೆ ಬೆಳಕು ಅದರ ಮೂಲಕ ಹಾಯುತ್ತದೆ. 90 ಶೇಕಡಾ ಎರಡು ವರ್ಷದೊಳಗೇ ಕಾಣಿಸಿಕೊಳ್ಳುತ್ತವೆ. ಡರ್ಮಾಯ್ಡ್ ಸಿಸ್ಟ್ ಚರ್ಮದ ಅಂಗಾಂಶ ಒಳಗೆ ಸಿಕ್ಕಿಕೊಂಡು ಆದದ್ದು. ಗಲ್ಲದ ಕೆಳಗೆ, ನಡುಗೆರೆಯಲ್ಲಿ ಸಿಗುತ್ತದೆ, ನಾಲಿಗೆ ಚಾಚಿದರೆ ಸರಿಯುವುದಿಲ್ಲ. ಥೈಮಸ್ ಮತ್ತು ಪ್ಯಾರಾಥೈರಾಯ್ಡ್ ಗ್ರಂಥಿಗಳ ಸಿಸ್ಟ್‌ಗಳು ವಿರಳ.

ಪರೀಕ್ಷೆಯ ಚರಿತ್ರೆ

ಸೂಜಿಯಿಂದ ಗಂಟಿನ ಕೋಶ ತೆಗೆದು ನೋಡುವ ಪದ್ಧತಿಯನ್ನು ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯಲ್ಲಿ ಹೇಯ್ಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲ್ಲಿಸ್ 1930ರಲ್ಲಿ ಪ್ರಕಟಿಸಿದರು. ಅವರು ಬಳಸಿದ್ದು 18 ಗೇಜಿನ ದಪ್ಪ ಸೂಜಿ. ಇಂದಿನ ತೆಳು ಸೂಜಿಯ ವಿಧಾನ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಸಿಕ್ಸ್‌ಟನ್ ಫ್ರಾನ್ಸೆನ್, ಯೋಸೆಫ್ ಜಾಯ್ಚೆಕ್, ಟೋರ್ಸ್ಟನ್ ಲೋವ್‌ಹಾಗನ್ ಮೊದಲಾದವರ ಕೈಯಲ್ಲಿ 1950 ಮತ್ತು 60ರ ದಶಕಗಳಲ್ಲಿ ರೂಪುಗೊಂಡಿತು. ಭಾರತದ ವೈದ್ಯಕೀಯ ಕಾಲೇಜುಗಳಿಗೆ ಅದು 1970 ಮತ್ತು 80ರ ದಶಕಗಳಲ್ಲಿ ಹಬ್ಬಿತು. ಕಡಿಮೆ ಖರ್ಚು, ದಾಖಲಾಗದೆ ಹೊರರೋಗಿ ವಿಭಾಗದಲ್ಲೇ ಮುಗಿಯುವ ಕೆಲಸ, ಕ್ಷಯವನ್ನು ಅರ್ಧ ದಿನದಲ್ಲಿ ಹಿಡಿಯುವ ಸಾಮರ್ಥ್ಯ ಇವು ಇಲ್ಲಿ ಅದು ಬೇಗ ಬೇರೂರಲು ಕಾರಣವಾದವು.

ವಿಧಾನ

ಸೂಜಿ ಹಾಕುವ ಮುಂಚೆ ಅಲ್ಟ್ರಾಸೌಂಡ್ ಸ್ಕ್ಯಾನ್ ಆಗಿರಬೇಕು. ನಡುಗೆರೆಯ ಗಂಟಿನಲ್ಲಿ ಇದು ಬಿಡಲಾಗದ ಹೆಜ್ಜೆ. ಥೈರಾಯ್ಡ್ ತನ್ನ ಜಾಗದಲ್ಲಿ ಇದೆಯೇ ಎಂಬುದು ಅದರಿಂದ ಗೊತ್ತಾಗುತ್ತದೆ. ಕೆಲವೇ ಮಂದಿಯಲ್ಲಿ ಆ ಗಂಟೇ ದೇಹದ ಏಕೈಕ ಥೈರಾಯ್ಡ್ ಆಗಿರಬಹುದು. ಅರಿಯದೆ ತೆಗೆದರೆ ಜೀವನಪರ್ಯಂತ ಹಾರ್ಮೋನ್ ಮಾತ್ರೆ ನುಂಗಬೇಕಾಗುತ್ತದೆ. ಮಿಡಿಯುವ ಗಂಟಿಗೆ ಸೂಜಿ ಹಾಕುವುದಿಲ್ಲ, ಅದು ರಕ್ತನಾಳದ್ದಾಗಿರಬಹುದು.

ರೋಗಿಯನ್ನು ಮಲಗಿಸಿ, ಭುಜದ ಕೆಳಗೆ ದಿಂಬಿಟ್ಟು ಕುತ್ತಿಗೆ ಎತ್ತಿಸಿ, ಚರ್ಮವನ್ನು ಸ್ಪಿರಿಟ್‌ನಿಂದ ಒರೆಸುತ್ತಾರೆ. 22ರಿಂದ 25 ಗೇಜಿನ ಸೂಜಿ, ಅದಕ್ಕೆ 10 ಅಥವಾ 20 ಮಿ.ಲೀ. ಸಿರಿಂಜು. ಸಾಮಾನ್ಯವಾಗಿ ಮರಗಟ್ಟಿಸುವ ಇಂಜೆಕ್ಷನ್ ಬೇಕಾಗುವುದಿಲ್ಲ. ನುಂಗಬೇಡಿ, ಮಾತಾಡಬೇಡಿ ಎಂದು ಹೇಳಿ, ಎರಡು ಬೆರಳುಗಳ ನಡುವೆ ಗಂಟನ್ನು ಹಿಡಿದು ಸೂಜಿ ಹಾಕಿ ಹೀರುತ್ತಾರೆ. ದ್ರವ ಬಂದರೆ ಪೂರ್ತಿ ತೆಗೆದು, ಗಂಟು ಇದ್ದ ಜಾಗವನ್ನು ಮತ್ತೆ ಬೆರಳಿಂದ ಒತ್ತಿ ನೋಡುವುದು ಈ ಪರೀಕ್ಷೆಯಲ್ಲಿ ಹೆಚ್ಚಾಗಿ ಮರೆತುಹೋಗುವ, ಆದರೆ ಅತಿ ಮುಖ್ಯವಾದ ಕೆಲಸ. ಗಟ್ಟಿ ಭಾಗ ಏನಾದರೂ ಉಳಿದಿದ್ದರೆ ಅದಕ್ಕೇ ಎರಡನೆಯ ಸೂಜಿ ಹಾಕಬೇಕು, ಸಾಧ್ಯವಿದ್ದರೆ ಸ್ಕ್ಯಾನ್ ನೋಡುತ್ತ. ಕ್ಯಾನ್ಸರ್ ಇದ್ದರೆ ಅದರ ಕೋಶಗಳು ದ್ರವದಲ್ಲಿ ವಿರಳವಾಗಿದ್ದು, ಆ ಗಟ್ಟಿ ಭಾಗದಲ್ಲಿ ಗುಂಪಾಗಿ ಸಿಗುತ್ತವೆ.

ದ್ರವದ ಬಣ್ಣವನ್ನು ಕಣ್ಣಿಂದ ನೋಡಿ ಬರೆದಿಡುವುದು ಪರೀಕ್ಷೆಯ ಭಾಗವೇ. ಹಳದಿಯಾಗಿದ್ದು ಬೆಳಕಿಗೆ ಹಿಡಿದಾಗ ಮಿನುಗಿದರೆ ಕೊಲೆಸ್ಟರಾಲ್ ಹರಳುಗಳಿವೆ ಎಂದರ್ಥ. ಕಂದು ದ್ರವ ಹಳೆಯ ರಕ್ತಸ್ರಾವವನ್ನು ಸೂಚಿಸುತ್ತದೆ. ಥೈರಾಯ್ಡ್ ಸಂಬಂಧಿ ಗಂಟುಗಳಲ್ಲಿ ಇದು ಸಾಮಾನ್ಯ. ಬೆಳ್ಳಗೆ ಮುದ್ದೆಯಾಗಿ ಬಂದದ್ದು ಡರ್ಮಾಯ್ಡ್ ಇರಬಹುದು. ಶುದ್ಧ ನೀರಿನಂಥ ದ್ರವ ಬಂದರೆ ಪ್ಯಾರಾಥೈರಾಯ್ಡ್ ಸಿಸ್ಟ್ ಎಂದು ಅನುಮಾನಿಸಿ, ಅದೇ ದ್ರವದಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನಿನ ಮಟ್ಟ ಅಳೆಯಬೇಕು.

ಒಂದು ಹನಿಯನ್ನು ಬಣ್ಣ ಹಾಕದೆ ಕವರ್‌ಸ್ಲಿಪ್ ಮುಚ್ಚಿ ಹಸಿಯಾಗಿಯೇ ನೋಡಿದರೆ ಕೊಲೆಸ್ಟರಾಲ್ ಹರಳುಗಳು ಸ್ಪಷ್ಟವಾಗಿ ಕಾಣುತ್ತವೆ: ತೆಳು ಆಯತಾಕಾರದ ತಗಡುಗಳು, ಒಂದು ಮೂಲೆ ಮುರಿದಂತೆ. ಆಲ್ಕೋಹಾಲಿನಲ್ಲಿ ಅದ್ದಿದ ಸ್ಲೈಡಿನಲ್ಲಿ ಅವು ಕರಗಿಹೋಗುವುದರಿಂದ ಈ ಹಸಿ ಲೇಪ ಬೇಕು. ಉಳಿದ ದ್ರವವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳದಲ್ಲಿ ಕೂತ ಗಷ್ಟಿನಿಂದ ಲೇಪ ಮಾಡುತ್ತಾರೆ. ಸಾಕಷ್ಟಿದ್ದರೆ ಮೇಣದಲ್ಲಿ ಹುದುಗಿಸಿ ಸೆಲ್ ಬ್ಲಾಕ್ ಕೂಡ. ಕೆಲವು ಸ್ಲೈಡುಗಳನ್ನು ಒದ್ದೆ ಇರುವಾಗಲೇ 95 ಶೇಕಡಾ ಆಲ್ಕೋಹಾಲಿಗೆ ಹಾಕಿ ಪ್ಯಾಪ್ ಬಣ್ಣ ಹಾಕಿದರೆ ಕೋಶಕೇಂದ್ರದ ವಿವರ ಮತ್ತು ಕೆರಟಿನ್ ಚೆನ್ನಾಗಿ ಕಾಣುತ್ತವೆ. ಗಾಳಿಯಲ್ಲಿ ಒಣಗಿಸಿದವಕ್ಕೆ ಗೀಮ್ಸಾ ಅಥವಾ ಲೀಶ್ಮನ್ ಬಣ್ಣ. ಇವು ಕೋಶರಸವನ್ನೂ ಥೈರಾಯ್ಡಿನ ಕೊಲಾಯ್ಡನ್ನೂ ಎದ್ದು ತೋರಿಸುತ್ತವೆ. ಎರಡನೆಯ ಬಣ್ಣ ಬ್ರಿಟಿಷ್ ಸೇನೆಯ ವೈದ್ಯ ವಿಲಿಯಂ ಲೀಶ್ಮನ್ 1901ರಲ್ಲಿ ಕೊಟ್ಟದ್ದು. ಭಾರತದ ಸಣ್ಣ ಪ್ರಯೋಗಾಲಯಗಳಲ್ಲಿ ಇಂದಿಗೂ ನಿತ್ಯ ಬಳಕೆಯಲ್ಲಿದೆ.

ಸೂಕ್ಷ್ಮದರ್ಶಕದಲ್ಲಿ ಕಾಣುವುದು

ಕಿವಿರುಸೀಳಿನ ಸಿಸ್ಟಿನ ಲೇಪದಲ್ಲಿ ಚಪ್ಪಟೆ ಸ್ಕ್ವೇಮಸ್ ಕೋಶಗಳು, ಕೇಂದ್ರ ಕಳೆದುಕೊಂಡ ಹಳೆಯ ಹೊಪ್ಪಳೆಗಳು, ರೂಪವಿಲ್ಲದ ಕಸ, ನ್ಯೂಟ್ರೋಫಿಲ್‌ಗಳು, ಕೊಲೆಸ್ಟರಾಲ್ ಹರಳುಗಳು ಇರುತ್ತವೆ. ಗೋಡೆಯಿಂದ ಬಂದ ಲಿಂಫೋಸೈಟ್‌ಗಳೂ ಸೇರಿದರೆ ಚಿತ್ರ ಪೂರ್ಣ. ಯುವ ರೋಗಿ, ಸರಿಯಾದ ಜಾಗ, ಪಕ್ವವಾದ ಕೋಶಗಳು, ಇವು ಮೂರೂ ಕೂಡಿದಾಗ ವರದಿ ಧೈರ್ಯವಾಗಿ ಕೊಡಬಹುದು.

ಥೈರೋಗ್ಲಾಸಲ್ ಸಿಸ್ಟ್ ಅಷ್ಟು ಮಾತಾಡುವುದಿಲ್ಲ. ನೀರುನೀರಾದ ಹಿನ್ನೆಲೆಯಲ್ಲಿ ಕೆಲವು ಮ್ಯಾಕ್ರೋಫೇಜ್‌ಗಳು, ನ್ಯೂಟ್ರೋಫಿಲ್‌ಗಳು, ಅಲ್ಲೊಂದು ಇಲ್ಲೊಂದು ಸ್ಕ್ವೇಮಸ್ ಕೋಶ ಅಥವಾ ತುದಿಯಲ್ಲಿ ರೋಮಗಳಿರುವ ಸ್ತಂಭಾಕಾರದ ಕೋಶ, ಇಷ್ಟೇ. ನಾಳದ ಗೋಡೆಯಲ್ಲಿ ಥೈರಾಯ್ಡ್ ಅಂಗಾಂಶ ಇದ್ದರೂ ಅದರ ಕೋಶಗಳು ಸೂಜಿಗೆ ಸಿಗುವುದು ವಿರಳ. ಆದ್ದರಿಂದ ಥೈರಾಯ್ಡ್ ಕೋಶ ಕಾಣಲಿಲ್ಲವೆಂದು ರೋಗನಿರ್ಣಯವನ್ನು ತಳ್ಳಿಹಾಕಬಾರದು. ಸುಮಾರು 1 ಶೇಕಡಾ ಥೈರೋಗ್ಲಾಸಲ್ ಸಿಸ್ಟ್‌ಗಳಲ್ಲಿ ಕ್ಯಾನ್ಸರ್ ಹುಟ್ಟುತ್ತದೆ, ಬಹುಪಾಲು ಪ್ಯಾಪಿಲರಿ ಬಗೆಯದು. ಕೋಶಕೇಂದ್ರದಲ್ಲಿ ಗೆರೆ, ಕೇಂದ್ರದೊಳಗೆ ತೂರಿದ ಕೋಶರಸ, ಎಲೆಯಂತೆ ಕವಲೊಡೆದ ಕೋಶಗುಂಪು ಕಂಡರೆ ಅದನ್ನು ಹೇಳಬಹುದು. ಮುದುಡಿ ಕೆಟ್ಟ ಮ್ಯಾಕ್ರೋಫೇಜ್‌ಗಳ ನಡುವೆ ಇಂಥ ಒಂದು ಗುಂಪು ಮರೆಯಾಗಿರುವುದುಂಟು. ಎಲ್ಲ ಸ್ಲೈಡುಗಳನ್ನೂ ಅಂಚಿನಿಂದ ಅಂಚಿಗೆ ನೋಡದೆ ವರದಿ ಬರೆಯಬಾರದು ಎಂಬ ನಿಯಮ ಬಂದದ್ದು ಅದಕ್ಕೇ.

ದುಗ್ಧನಾಳದ ಸಿಸ್ಟಿನಲ್ಲಿ ತಿಳಿ ಅಥವಾ ಹಾಲಿನ ಬಣ್ಣದ ದ್ರವ, ಪಕ್ವ ಲಿಂಫೋಸೈಟ್‌ಗಳು ಬಿಟ್ಟರೆ ಬೇರೇನೂ ಇಲ್ಲ. ಡರ್ಮಾಯ್ಡ್‌ನಲ್ಲಿ ಕೆರಟಿನ್ ಹೊಪ್ಪಳೆಗಳು ತುಂಬಿದ್ದು, ಕೂದಲಿನ ಚೂರು ಸಿಕ್ಕರೆ ನಿರ್ಣಯ ಖಚಿತ.

ಮೋಸಗೊಳಿಸುವ ಸ್ಥಿತಿಗಳು

ನಲವತ್ತು ದಾಟಿದವರಲ್ಲಿ ಕುತ್ತಿಗೆಯ ಪಕ್ಕಕ್ಕೆ ಹೊಸದಾಗಿ ಬಂದ ಸಿಸ್ಟನ್ನು, ಬೇರೆಯೆಂದು ರುಜುವಾತಾಗುವ ತನಕ ಕ್ಯಾನ್ಸರ್ ಹರಡಿದ ದುಗ್ಧಗ್ರಂಥಿ ಎಂದೇ ಭಾವಿಸುವುದು ತಲೆ ಮತ್ತು ಕುತ್ತಿಗೆ ಚಿಕಿತ್ಸೆಯ ಸ್ಥಿರ ಸೂತ್ರ. ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಸ್ಕ್ವೇಮಸ್ ಕ್ಯಾನ್ಸರ್, ಮುಖ್ಯವಾಗಿ ಎಚ್‌ಪಿವಿ ವೈರಸ್ಸಿನಿಂದಾದದ್ದು, ದುಗ್ಧಗ್ರಂಥಿಗೆ ಹರಡಿದಾಗ ಒಳಗೆ ನೀರಾಗುತ್ತದೆ. ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್ ಕೂಡ ಹಾಗೆಯೇ, ಮತ್ತು ಅದು ಇಪ್ಪತ್ತರ ಹರೆಯದವರಲ್ಲೂ ಬರುತ್ತದೆ. ಗಂಟಲೊಳಗಿನ ಮೂಲಗಂಟು ಎಷ್ಟೋ ಸಲ ಕಣ್ಣಿಗೆ ಕಾಣದಷ್ಟು ಸಣ್ಣದು. ಇಂಥದ್ದನ್ನು ನಿರುಪದ್ರವಿ ಸಿಸ್ಟ್ ಎಂದು ಬಗೆದು ಕೊಯ್ದು ತೆಗೆದರೆ ಮುಂದಿನ ಚಿಕಿತ್ಸೆ ತೊಡಕಾಗುತ್ತದೆ. ತಂಬಾಕು, ಗುಟ್ಕಾ, ಬೀಡಿಯ ಅಭ್ಯಾಸವಿದೆಯೇ ಎಂಬ ಪ್ರಶ್ನೆ ಸೂಜಿ ಹಾಕುವ ಮುಂಚಿನದು.

ಎದುರು ದಿಕ್ಕಿನ ತಪ್ಪೂ ಇದೆ. ಸೋಂಕಾಗಿ ಬಾತ ಕಿವಿರುಸೀಳಿನ ಸಿಸ್ಟಿನಲ್ಲಿ ಸ್ಕ್ವೇಮಸ್ ಕೋಶಗಳ ಕೇಂದ್ರ ದೊಡ್ಡದಾಗಿ ಗಾಢವಾಗಿ ಕ್ಯಾನ್ಸರಿನಂತೆ ತೋರಬಹುದು. ಕೇಂದ್ರದ ಅಂಚು ನಯವಾಗಿದೆಯೇ, ಬದಲಾವಣೆ ಕೆಲವೇ ಕೋಶಗಳಿಗೆ ಸೀಮಿತವೇ ಎಂಬುದು ವಿವೇಚನೆಯ ವಿಷಯ. ಅನುಮಾನ ಉಳಿದರೆ ಸೆಲ್ ಬ್ಲಾಕ್‌ನಲ್ಲಿ ಎಚ್‌ಪಿವಿ ಕ್ಯಾನ್ಸರನ್ನು ಸೂಚಿಸುವ ಪಿ16 ಪ್ರೋಟೀನಿನ ಪರೀಕ್ಷೆ ಮಾಡುತ್ತಾರೆ. ಆದರೆ ನಿರುಪದ್ರವಿ ಸಿಸ್ಟಿನ ಕೋಶಗಳಲ್ಲೂ ಅದು ಅಲ್ಪಸ್ವಲ್ಪ ಕಾಣುವುದರಿಂದ ಎಚ್‌ಪಿವಿ ಪರೀಕ್ಷೆಯ ಜೊತೆಗೂಡಿಸಿ ಓದಬೇಕು. ಥೈರಾಯ್ಡ್ ಕ್ಯಾನ್ಸರಿನ ಅನುಮಾನಕ್ಕೆ, ಸೂಜಿಯನ್ನು ತೊಳೆದ ನೀರಿನಲ್ಲಿ ಥೈರೋಗ್ಲೋಬ್ಯುಲಿನ್ ಅಳೆಯುವುದು ಸುಲಭವೂ ನಂಬಿಕಸ್ಥವೂ ಆದ ದಾರಿ. ಇದು ಪಕ್ಕದ ಗಂಟುಗಳಿಗೆ ಮಾತ್ರ. ನಡುಗೆರೆಯ ಸಿಸ್ಟಿನಲ್ಲಿ ಸಹಜ ಥೈರಾಯ್ಡ್ ಅಂಗಾಂಶವೇ ಇರಬಹುದಾದ್ದರಿಂದ ಅಲ್ಲಿ ಉಪಯೋಗವಿಲ್ಲ.

ಭಾರತದಲ್ಲಿ ಕುತ್ತಿಗೆಯ ಗಂಟೆಂದರೆ ಕ್ಷಯವನ್ನು ಬಿಟ್ಟು ಯೋಚಿಸಲಾಗದು. ಗಂಡಮಾಲೆ ಎಂದು ಜನ ಕರೆಯುವ ದುಗ್ಧಗ್ರಂಥಿಯ ಕ್ಷಯ ಮೃದುವಾಗಿ, ನೋವಿಲ್ಲದೆ, ಬಿಸಿಯಿಲ್ಲದೆ ಬಾತರೆ ಕಿವಿರುಸೀಳಿನ ಸಿಸ್ಟಿನಂತೆಯೇ ಇರುತ್ತದೆ. ಅದರಿಂದ ಬಂದ ಗಟ್ಟಿ ಕೀವಿನಲ್ಲಿ ಹರಳು, ಸ್ಕ್ವೇಮಸ್ ಕೋಶ ಇರುವುದಿಲ್ಲ. ಸತ್ತ ಅಂಗಾಂಶ, ಕೆಲವೊಮ್ಮೆ ಉದ್ದನೆಯ ಎಪಿಥೆಲಿಯಾಯ್ಡ್ ಕೋಶಗಳ ಗುಂಪು ಕಾಣುತ್ತವೆ. ಜೀಲ್-ನೀಲ್ಸನ್ ಬಣ್ಣದಲ್ಲಿ ಕೆಂಪು ಕಡ್ಡಿಗಳು ಸಿಕ್ಕರೆ ಪ್ರಶ್ನೆ ತೀರಿತು. ಕೀವಿನ ಭಾಗವನ್ನು ಸಿಬಿನ್ಯಾಟ್ ಅಥವಾ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯ ಅಭಿವೃದ್ಧಿಪಡಿಸಿದ ಟ್ರೂನ್ಯಾಟ್ ಯಂತ್ರಕ್ಕೆ ಕಳಿಸಿದರೆ ರೋಗಾಣುವಿನ ಜೊತೆಗೆ ರಿಫಾಂಪಿಸಿನ್ ಔಷಧಕ್ಕೆ ಅದು ಜಗ್ಗುತ್ತದೆಯೇ ಎಂಬುದೂ ತಿಳಿಯುತ್ತದೆ. 2012ರಿಂದ ಕ್ಷಯದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ರೋಗಿಗಳ ಲೇಪದಲ್ಲಿ ಆನೆಕಾಲು ರೋಗದ ಮೈಕ್ರೋಫೈಲೇರಿಯಾ ಅನಿರೀಕ್ಷಿತವಾಗಿ ಕಾಣಬಹುದಾದ್ದರಿಂದ ಊರಿನ ಹೆಸರು ಪೆಥಾಲಜಿಸ್ಟಿಗೆ ಗೊತ್ತಿರಬೇಕು.

ವರದಿ ಮತ್ತು ಚಿಕಿತ್ಸೆ

“ಸಿಸ್ಟಿನ ದ್ರವ ಮಾತ್ರ ಸಿಕ್ಕಿದೆ” ಎಂಬ ವರದಿ ಕುಟುಂಬದವರ ಕಿವಿಯಲ್ಲಿ “ಕ್ಯಾನ್ಸರ್ ಇಲ್ಲ” ಎಂದಾಗಿಬಿಡುತ್ತದೆ. ಅದರ ಅರ್ಥ ಅದಲ್ಲ: ನಿರ್ಣಯಕ್ಕೆ ಬೇಕಾದಷ್ಟು ಕೋಶಗಳು ಸಿಗಲಿಲ್ಲ ಎಂದಷ್ಟೇ. ಹತ್ತು ವರ್ಷದ ಮಗುವಿನ ನಡುಗೆರೆಯ ಗಂಟಿನಲ್ಲಿ ಅಂಥ ವರದಿ ಚಿಂತೆ ತರಬೇಕಿಲ್ಲ. ಐವತ್ತರ ಬೀಡಿ ಸೇದುವ ವ್ಯಕ್ತಿಯಲ್ಲಿ ಅದೇ ವರದಿ ಬಂದರೆ ಸ್ಕ್ಯಾನ್ ಸಹಾಯದಿಂದ ಮತ್ತೆ ಸೂಜಿ ಹಾಕಬೇಕು, ಗಂಟಲನ್ನು ಎಂಡೋಸ್ಕೋಪಿಯಲ್ಲಿ ನೋಡಬೇಕು.

ದ್ರವ ತೆಗೆದಾಗ ಗಂಟು ಇಳಿಯುವುದು ಗುಣವಾದದ್ದಲ್ಲ, ಕೆಲ ದಿನಗಳಲ್ಲಿ ಮತ್ತೆ ತುಂಬುತ್ತದೆ. ಥೈರೋಗ್ಲಾಸಲ್ ಸಿಸ್ಟಿಗೆ ಮೇಯೊ ಕ್ಲಿನಿಕ್ಕಿನ ವಾಲ್ಟರ್ ಸಿಸ್ಟ್ರಂಕ್ 1920ರಲ್ಲಿ ವಿವರಿಸಿದ ಶಸ್ತ್ರಚಿಕಿತ್ಸೆಯೇ ಇಂದಿಗೂ ಮಾನ್ಯ. ಸಿಸ್ಟಿನ ಜೊತೆ ಹಯಾಯ್ಡ್ ಮೂಳೆಯ ನಡುಭಾಗವನ್ನೂ ನಾಲಿಗೆಯ ಬುಡದವರೆಗಿನ ನಾಳದ ಹಾದಿಯನ್ನೂ ತೆಗೆಯುತ್ತಾರೆ. ಮೂಳೆ ಬಿಟ್ಟು ಸಿಸ್ಟನ್ನಷ್ಟೇ ತೆಗೆದರೆ ಮರುಕಳಿಸುವ ಸಂಭವ ಬಹಳ ಹೆಚ್ಚು. ಕಿವಿರುಸೀಳಿನ ಸಿಸ್ಟನ್ನು ಸೋಂಕು ಇಳಿದ ಮೇಲೆ ಇಡಿಯಾಗಿ ತೆಗೆಯುತ್ತಾರೆ. ದುಗ್ಧನಾಳದ ಸಿಸ್ಟಿಗೆ ಬ್ಲಿಯೋಮೈಸಿನ್‌ನಂಥ ಔಷಧವನ್ನು ಒಳಗೆ ಚುಚ್ಚಿ ಕುಗ್ಗಿಸುವ ವಿಧಾನವಿದೆ.

ಪುಣೆ ಕ್ಯಾಂಪ್

ಗಡಿಭಾಗದ ಕನ್ನಡಿಗರು ಚಿಕಿತ್ಸೆಗೆ ಹೋಗುವ ಪುಣೆಯ ದಂಡುಪ್ರದೇಶವಾದ ಕ್ಯಾಂಪಿನ ಸುತ್ತ ಈ ಪರೀಕ್ಷೆ ನಡೆಯುವ ಎರಡು ಬಗೆಯ ದೊಡ್ಡ ಸಂಸ್ಥೆಗಳಿವೆ. ಒಂದು ಸೇನೆಯದು. ಬಿ.ಸಿ. ರಾಯ್ ಸಮಿತಿಯ ಶಿಫಾರಸಿನಂತೆ 1948ರ ಮೇ 1ರಂದು ಆರಂಭವಾದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಎಎಫ್‌ಎಂಸಿ, ಕ್ಯಾಂಪಿಗೆ ತಾಗಿದ ವಾನವಡಿಯಲ್ಲಿ ಸೋಲಾಪುರ ರಸ್ತೆಯ ಬದಿಗಿದೆ. ದಕ್ಷಿಣ ಕಮಾಂಡಿನ ಕಮಾಂಡ್ ಆಸ್ಪತ್ರೆ ಅದರ ಬೋಧನಾ ಆಸ್ಪತ್ರೆ. ಸೇನೆಗೆ ಸೇರುವ ವಯಸ್ಸೂ ಕಿವಿರುಸೀಳಿನ ಸಿಸ್ಟ್ ಹೊರಬೀಳುವ ವಯಸ್ಸೂ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಸೈನಿಕರ ವೈದ್ಯಕೀಯ ತಪಾಸಣೆಯಲ್ಲಿ ಇಂಥ ಗಂಟಿಗೆ ವಿಶೇಷ ಗಮನ ಸಲ್ಲಬೇಕು. ಕಮಾಂಡಿನ ವ್ಯಾಪ್ತಿಯಲ್ಲಿ ಕರ್ನಾಟಕವೂ ಸೇರುತ್ತದೆ.

ಇನ್ನೊಂದು ಸಾರ್ವಜನಿಕರದು. ರೈಲು ನಿಲ್ದಾಣದ ಬಳಿಯ ಸಸೂನ್ ಆಸ್ಪತ್ರೆ 1867ರಲ್ಲಿ ಡೇವಿಡ್ ಸಸೂನರ ದಾನದಿಂದ ತೆರೆದದ್ದು. ಆಸ್ಪತ್ರೆಗೆ ಹೊಂದಿಕೊಂಡ ಬಿ.ಜೆ. ವೈದ್ಯಕೀಯ ಕಾಲೇಜು 1946ರದು.

ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ಕಡೆಯ ಕನ್ನಡಿಗರು ಚಿಕಿತ್ಸೆಗೆ ಸೋಲಾಪುರ, ಮೀರಜ್, ಪುಣೆಗೂ ಹೋಗುತ್ತಾರೆ, ಇತ್ತ ವಿಜಯಪುರ, ಕಲಬುರಗಿ, ಬೆಳಗಾವಿಗೂ ಬರುತ್ತಾರೆ. ಹೀಗೆ ಊರು ಬದಲಿಸುವವರಿಗೆ ಕೋಶಪರೀಕ್ಷೆಯ ಒಂದು ಅನುಕೂಲವಿದೆ: ಬಣ್ಣ ಹಾಕಿ ಮುಚ್ಚಿದ ಸ್ಲೈಡು ವರ್ಷಗಟ್ಟಲೆ ಕೆಡುವುದಿಲ್ಲ. ವರದಿಯ ಕಾಗದದ ಜೊತೆ ಸ್ಲೈಡು, ಬ್ಲಾಕುಗಳನ್ನೂ ಕೇಳಿ ಪಡೆದು ಒಯ್ದರೆ ಮುಂದಿನ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಸಿಗುತ್ತದೆ, ಹಲವೊಮ್ಮೆ ಮತ್ತೊಂದು ಸೂಜಿ ತಪ್ಪುತ್ತದೆ.

ಇಂದಿನ ಸ್ಥಿತಿ

ಬೆರಳಿನಿಂದ ತಡವಿ ಸೂಜಿ ಹಾಕುವುದರ ಜಾಗಕ್ಕೆ ಸ್ಕ್ಯಾನ್ ನೋಡುತ್ತ ಹಾಕುವುದು ದೊಡ್ಡ ಆಸ್ಪತ್ರೆಗಳಲ್ಲಿ ಬಂದಿದೆ. ರೋಗಿ ಮೇಜಿನ ಮೇಲಿರುವಾಗಲೇ ಒಂದು ಸ್ಲೈಡಿಗೆ ಬೇಗ ಬಣ್ಣ ಹಾಕಿ, ಸಾಕಷ್ಟು ಕೋಶ ಸಿಕ್ಕಿದೆಯೇ ಎಂದು ಅಲ್ಲೇ ನೋಡುವ ಪದ್ಧತಿ ವಿಫಲ ಪರೀಕ್ಷೆಗಳನ್ನು ಕಡಿಮೆ ಮಾಡಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಕೊರತೆ ಇರುವುದು ಸೂಜಿಯದಲ್ಲ, ಲೇಪ ಓದುವ ಪೆಥಾಲಜಿಸ್ಟರದು; ಸ್ಲೈಡಿನ ಚಿತ್ರವನ್ನು ದೂರದ ತಜ್ಞರಿಗೆ ಕಳಿಸುವ ವ್ಯವಸ್ಥೆ ಅಲ್ಲಿ ಹೆಚ್ಚು ಉಪಯುಕ್ತ. ಮಕ್ಕಳಲ್ಲಿ ಲಕ್ಷಣಗಳೂ ಸ್ಕ್ಯಾನೂ ಥೈರೋಗ್ಲಾಸಲ್ ಸಿಸ್ಟನ್ನು ಸ್ಪಷ್ಟವಾಗಿ ತೋರಿದಾಗ ಸೂಜಿ ಪರೀಕ್ಷೆಯಿಲ್ಲದೆ ನೇರ ಶಸ್ತ್ರಚಿಕಿತ್ಸೆಗೆ ಹೋಗುವುದು ಸಾಮಾನ್ಯ. ಸೂಜಿ ಏನೇ ಹೇಳಿದ್ದರೂ ಕೊಯ್ದು ತೆಗೆದ ಸಿಸ್ಟನ್ನು ಗೋಡೆಸಮೇತ ಹಿಸ್ಟೊಪೆಥಾಲಜಿಗೆ ಕಳಿಸಲೇಬೇಕು: ಅಂತಿಮ ನಿರ್ಣಯ ಅಲ್ಲಿಯದು, ಥೈರೋಗ್ಲಾಸಲ್ ಸಿಸ್ಟಿನೊಳಗಿನ ಕ್ಯಾನ್ಸರ್ ಬಹುತೇಕ ಮೊದಲು ಗೊತ್ತಾಗುವುದೂ ಅಲ್ಲಿಯೇ.